ಹೊಂಗೆಯ ಮರದ ಪೂರ್ವೋತ್ತರ

ತುಂಗಭದ್ರೆಯ ದಕ್ಷಿಣದ ದಡದಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನ ಹಡಗಲಿ ತಾಲ್ಲೂಕಿಗೆ ಸೇರಿದ ಮಾಗಳವೆಂಬ ಗ್ರಾಮವಿದೆ. ಚಾಲುಕ್ಯ ಶಿಲ್ಪದ ದೇವಾಲಯದ ಮೂಲಕ ಆ ಊರು ಚರಿತ್ರಾಸಕ್ತರಿಗೆ ಪರಿಚಿತವಾದುದು. ತಾಲ್ಲೂಕಿನ ಹೆಸರಿನಲ್ಲಿಯೇ ಹೂವು ಸೇರಿಕೊಂಡಿದೆ; ಹಡಗಲಿಯ ಮಲ್ಲಿಗೆ ಹೊರಗಿನ ಪೇಟೆಗಳಲ್ಲಿ ಹೆಸರು ಪಡೆದು, ಭೌಗೋಳಿಕ ಸೂಚಕವೆಂಬ ಸರ್ಕಾರದ ಮನ್ನಣೆಗೂ ಪಾತ್ರವಾಗಿದೆ. ಆದರೆ ಅದೇ ಸೀಮೆಯಲ್ಲಿ ಯಾರೂ ದಂಡೆ ಕಟ್ಟದ, ಯಾವ ಸಂತೆಯಲ್ಲಿಯೂ ಬೆಲೆ ಕೇಳದ ಮತ್ತೊಂದು ಹೂವುಂಟು. ಯುಗಾದಿ ಕಳೆದು ಬಿಸಿಲು ಬಲಿಯುವ ಕಾಲಕ್ಕೆ ಅದು ತಿಳಿನೇರಿಳೆ ಬೆರೆತ ಬಿಳುಪಿನಲ್ಲಿ ಗೊಂಚಲು ಗೊಂಚಲಾಗಿ ಅರಳಿ, ಜೇನುನೊಣಗಳಿಗೆ ಉಣಬಡಿಸಿ, ಮರದ ಬುಡದಲ್ಲಿ ಚಾಪೆಯಂತೆ ಹಾಸಿಕೊಂಡು ಒಣಗಿಹೋಗುತ್ತದೆ. ಅದು ಹೊಂಗೆಯ ಹೂವು. ಆ ಮರದ ಪೂರ್ವೋತ್ತರವೇ ಈ ಭಾಷಣದ ವಿಷಯ.

ಹೊಂಗೆಯ ಚರಿತ್ರೆಯನ್ನು ಪರಿಶೀಲಿಸುವವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಎಣ್ಣೆಯ ಅಭಾವ ಬಂದೊದಗಿದಾಗಲೆಲ್ಲ ನಾವು ಈ ಮರವನ್ನು ನೆನೆದಿದ್ದೇವೆ; ಅಭಾವ ತೀರಿದೊಡನೆಯೇ ಮರೆತಿದ್ದೇವೆ. ನೆನೆದಾಗ ಅತಿಶಯವಾಗಿ ಹೊಗಳಿದ್ದೇವೆ. ಮರೆತಾಗ ಕೊಡಲಿಗೆ ಒಪ್ಪಿಸಿದ್ದೇವೆ. ಹೀಗೇಕಾಯಿತೆಂಬುದನ್ನು ವಿಚಾರಮಾಡಿದರೆ, ಮರದ ಗುಣವೂ ನಮ್ಮ ನಿರೀಕ್ಷೆಯ ದೋಷವೂ ಏಕಕಾಲದಲ್ಲಿ ತಿಳಿದುಬರುವುವು.

ಮೊದಲು ಮರದ ಪರಿಚಯವನ್ನು ಮಾಡಿಕೊಳ್ಳೋಣ. ಹೊಂಗೆಯು ಅವರೆ, ತೊಗರಿ, ಹುಣಿಸೆಗಳ ಕುಲಕ್ಕೆ, ಎಂದರೆ ದ್ವಿದಳ ಧಾನ್ಯಗಳ ಕುಲಕ್ಕೆ ಸೇರಿದುದು. ಈ ಕುಲದ ಅನೇಕ ಸಸ್ಯಗಳಂತೆ ಇದರ ಬೇರಿನಲ್ಲಿಯೂ ಸಣ್ಣ ಗಂಟುಗಳಿದ್ದು, ಅವುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಮರಕ್ಕೆ ಒದಗಿಸುವುವು. ಇದರ ಸಹಜವಾದ ನೆಲೆ ನದಿಯ ದಡ, ಹಳ್ಳದ ಅಂಚು, ಸಮುದ್ರದ ಹಿನ್ನೀರಿನ ಕರೆ. ಕಾಯಿಯ ಸಿಪ್ಪೆ ಗಡುಸಾದುದರಿಂದ ಅದು ನೀರಿನಲ್ಲಿ ತೇಲಿಹೋಗಿ ದೂರದಲ್ಲಿ ಬೇರೂರಬಲ್ಲುದು. ಹಾಗೆಂದು ಇದು ನೀರನ್ನು ಬಿಟ್ಟಿರಲಾರದ ಮರವಲ್ಲ. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕಡಮೆಯಾದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಸೀಮೆಗಳಲ್ಲಿಯೂ ಬೇಸಗೆಯಲ್ಲಿ ಹಸುರಾಗಿ ನಿಲ್ಲುತ್ತದೆ. ಚೌಳು ನೆಲವನ್ನೂ ತಕ್ಕಮಟ್ಟಿಗೆ ಸಹಿಸುತ್ತದೆ. ಎಲೆಯಲ್ಲಿ ಕಹಿಯಿರುವುದರಿಂದ ಬೇರೆ ಮೇವು ಇರುವಾಗ ದನಕರುಗಳು ಅಷ್ಟಾಗಿ ಬಾಯಿ ಹಾಕವು. ಆದುದರಿಂದಲೇ ಬೇಲಿಯಿಲ್ಲದ ದಾರಿಯ ಪಕ್ಕದಲ್ಲಿಯೂ ಹೊಲದ ಬದುವಿನಲ್ಲಿಯೂ ಇದು ಉಳಿದು ಬೆಳೆಯಿತು. ಎಲೆಯುದುರಿ ಬರಿದಾಗುವುದು ಕೆಲವೇ ದಿನ. ಬಿಸಿಲು ಏರುವ ಹೊತ್ತಿಗೆ ಹೊಸ ಚಿಗುರಿನಿಂದ ದಟ್ಟವಾದ ನೆರಳು ಸಿದ್ಧವಾಗಿರುತ್ತದೆ.

ಈ ಮರದ ಹೆಸರಿನಲ್ಲಿಯೂ ಚರಿತ್ರೆಯ ಒಂದು ತುಣುಕು ಅಡಗಿದೆ. ಹಳಗನ್ನಡದಲ್ಲಿ ಪಕಾರದಿಂದ ಮೊದಲಾಗುತ್ತಿದ್ದ ಅನೇಕ ಶಬ್ದಗಳು ಕಾಲಕ್ರಮದಲ್ಲಿ ಹಕಾರವನ್ನು ತಾಳಿದುವೆಂಬುದು ಸರ್ವವಿದಿತವಾದ ವಿಷಯ. ಪಾಲು ಹಾಲಾಯಿತು, ಪೂ ಹೂವಾಯಿತು. ಹಾಗೆಯೇ ಪೊಂಗೆ ಹೊಂಗೆಯಾಯಿತು. ತಮಿಳರು ಇಂದಿಗೂ ಪುಂಗು ಎನ್ನುವರು. ಡಚ್ಚರ ಅಧಿಕಾರಿಯಾಗಿ ಕೊಚ್ಚಿಯಲ್ಲಿದ್ದ ವಾನ್ ರೀಡನು ಮಲೆಯಾಳದ ವೈದ್ಯರ ನೆರವಿನಿಂದ ಹನ್ನೆರಡು ಸಂಪುಟಗಳ ಸಸ್ಯಗ್ರಂಥವೊಂದನ್ನು ಮಾಡಿಸಿದನು. ೧೬೮೬ರಲ್ಲಿ ಹೊರಬಂದ ಅದರ ಆರನೆಯ ಸಂಪುಟದಲ್ಲಿ ಈ ಮರವು ‘ಪೊಂಗಂ’ ಎಂಬ ಹೆಸರಿನಿಂದ ಚಿತ್ರಿತವಾಗಿದೆ. ಯೂರೋಪಿನ ಸಸ್ಯಶಾಸ್ತ್ರಜ್ಞರು ಆ ಹೆಸರಿನಿಂದಲೇ ‘ಪೊಂಗೇಮಿಯ’ ಎಂಬ ಲ್ಯಾಟಿನ್ ನಾಮಧೇಯವನ್ನು ಕಟ್ಟಿದರು. ಹೀಗೆ ಕನ್ನಡವು ಎಂದೋ ಕಳೆದುಕೊಂಡ ಪಕಾರವು ವಿಜ್ಞಾನಿಗಳ ಲ್ಯಾಟಿನ್ನಿನಲ್ಲಿ ಇಂದಿಗೂ ಉಳಿದಿದೆ. ಸಂಸ್ಕೃತದಲ್ಲಿ ಇದು ಕರಂಜ, ನಕ್ತಮಾಲ; ತೆಲುಗಿನಲ್ಲಿ ಕಾನುಗ; ಕನ್ನಡನಾಡಿನ ಉತ್ತರ ಭಾಗದಲ್ಲಿ ಹುಲಗಲವೆಂದು ಹೇಳುವವರೂ ಉಂಟು. ಚರಕ ಸುಶ್ರುತರ ಸಂಹಿತೆಗಳಲ್ಲಿ ಕರಂಜವು ಚರ್ಮರೋಗಗಳಿಗೂ ವ್ರಣಗಳಿಗೂ ಔಷಧವಾಗಿ ಬರುತ್ತದೆ. ಹಳ್ಳಿಯ ಜನ ಕಜ್ಜಿ ತುರಿಗಳಿಗೆ ಹೊಂಗೆಯ ಎಣ್ಣೆಯನ್ನು ಸವರುತ್ತಿದ್ದುದೂ, ಇದರ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದುದೂ ಈ ಪರಂಪರೆಗೆ ಅನುಗುಣವಾಗಿಯೇ ಇವೆ.

ಈಗ ದೀಪದ ವಿಷಯಕ್ಕೆ ಬರೋಣ. ನಮ್ಮ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಹೇರಳವಾಗಿವೆ. ತೆಲ್ಲಿಗರ ಐವತ್ತೊಕ್ಕಲು ಕೂಡಿ, ಗಾಣವೊಂದಕ್ಕೆ ಇಷ್ಟು ಸೊಂಟಿಗೆ ಎಣ್ಣೆಯೆಂದು ದೇವಾಲಯಕ್ಕೆ ಬಿಟ್ಟುಕೊಟ್ಟ ಸಂಗತಿ ಚಾಲುಕ್ಯರ ಕಾಲದ ಬರಹಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ‘ಎಣ್ಣೆ’ ಎಂಬ ಮಾತು ‘ಎಳ್’ ಮತ್ತು ‘ನೆಯ್’ ಸೇರಿ ಆದುದು. ‘ತೆಲ್ಲಿಗ’ ಎಂಬುದು ತಿಲದಿಂದ ಬಂದ ತೈಲದ ಸಂತಾನ. ಆದ್ದರಿಂದ ಮರ್ಯಾದೆಯ ಎಣ್ಣೆ ಎಳ್ಳಿನದೇ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಎಳ್ಳನ್ನು ಹೊಲದಲ್ಲಿ ಬಿತ್ತಿ ಬೆಳೆಯಬೇಕು. ಅದನ್ನು ಉಣ್ಣಲೂ ಬೇಕು. ಬಡವನ ಮನೆಯ ಹಣತೆಗೂ, ದನದ ಕೊಟ್ಟಿಗೆಯ ಸೊಡರಿಗೂ, ರಾತ್ರಿಯ ದಾರಿಯ ಪಂಜಿಗೂ ಉಣ್ಣಲು ಬಾರದ ಎಣ್ಣೆ ಒದಗಿದರೆ ಉಣ್ಣುವ ಎಣ್ಣೆ ಉಳಿಯುವುದಷ್ಟೆ. ಹೊಂಗೆ, ಬೇವು, ಹರಳು, ಹಿಪ್ಪೆಗಳು ಈ ಸ್ಥಾನವನ್ನು ತುಂಬಿದುವು. ಮೈಸೂರು ಸೀಮೆಯನ್ನು ೧೮೦೦–೦೧ರಲ್ಲಿ ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ತಾನು ಕಂಡ ಬೆಳೆ, ಗಾಣ, ಕಸುಬುಗಳ ವರ್ಣನೆಯಲ್ಲಿ ಹೊಂಗೆಯನ್ನೂ ಅದರ ಎಣ್ಣೆಯನ್ನೂ ಸೇರಿಸಿದ್ದಾನೆ.

ಈ ಎಣ್ಣೆಯನ್ನು ಪಡೆಯುವ ಕ್ರಮ ಸರಳವಾದುದು. ಹೂವು ಬಿಟ್ಟ ಹತ್ತು ಹನ್ನೊಂದು ತಿಂಗಳಿಗೆ ಕಾಯಿ ಬಲಿಯುತ್ತದೆ. ಅದು ಬೇಸಗೆಯ ಆರಂಭ. ಹೊಲದಲ್ಲಿ ಕೆಲಸವಿಲ್ಲದ ಕಾಲ. ಹೆಂಗಸರು ಮಕ್ಕಳು ಕಾಯಿಗಳನ್ನು ಆಯ್ದು, ಒಣಗಿಸಿ, ಬಡಿಗೆಯಿಂದ ಬಡಿದು ಬೀಜವನ್ನು ಬೇರ್ಪಡಿಸುವರು. ಎತ್ತು ಕಟ್ಟಿದ ಊರ ಗಾಣದಲ್ಲಿ ನೂರು ಕಿಲೋಗ್ರಾಮು ಬೀಜಕ್ಕೆ ೧೮ರಿಂದ ೨೨ ಕಿಲೋಗ್ರಾಮು ಎಣ್ಣೆ ಇಳಿಯುತ್ತಿತ್ತು. ಇಂದಿನ ಯಂತ್ರದ ಗಾಣದಲ್ಲಿ ೨೪ರಿಂದ ೨೭ರವರೆಗೆ ಇಳಿಯುವುದುಂಟು. ಎಣ್ಣೆ ಕಂದುಬಣ್ಣದ್ದು, ಕಹಿ, ವಾಸನೆ ತೀಕ್ಷ್ಣ. ದೀಪಕ್ಕಲ್ಲದೆ ಚರ್ಮವನ್ನು ಹದಮಾಡುವುದಕ್ಕೂ, ಸಾಬೂನಿಗೂ ಇದು ಉಪಯೋಗಕ್ಕೆ ಬಂದಿತು.

ಇಲ್ಲಿಯವರೆಗೆ ಹೇಳಿದುದು ಮರದ ಒಂದು ಮುಖ ಮಾತ್ರ. ಬೀಜದಲ್ಲಿ ಐದನೆಯ ಒಂದು ಪಾಲು ಎಣ್ಣೆಯಾದರೆ ಉಳಿದುದೆಲ್ಲವೂ ಹಿಂಡಿ. ಹೊಂಗೆಯ ಹಿಂಡಿಯಲ್ಲಿ ನೂರಕ್ಕೆ ಸುಮಾರು ೪ ಭಾಗ ಸಾರಜನಕವೂ, ಒಂದೊಂದು ಭಾಗದಷ್ಟು ರಂಜಕ ಪೊಟ್ಯಾಷುಗಳೂ ಇರುವುವು. ಕಹಿಯ ದೆಸೆಯಿಂದ ಅದು ದನಗಳಿಗೆ ಆಹಾರವಾಗದಿದ್ದರೂ, ಆ ಕಹಿಯೇ ಹೊಲದಲ್ಲಿ ಗುಣವಾಗಿ ಪರಿಣಮಿಸುತ್ತದೆ. ನೆಲದೊಳಗಿನ ಕೆಲವು ಹುಳುಗಳನ್ನು ಅದು ತಡೆಯುತ್ತದೆ. ಗೊಬ್ಬರದ ಸಾರವು ಬೇಗನೆ ಕರಗಿ ನಷ್ಟವಾಗದಂತೆ ನಿಧಾನಗೊಳಿಸುತ್ತದೆ. ಸೊಪ್ಪಿನ ವಿಷಯವೂ ಹೀಗೆಯೇ. ಒಣಗಿಸಿ ತೂಗಿದ ಹೊಂಗೆಯ ಎಲೆಯಲ್ಲಿ ನೂರಕ್ಕೆ ಮೂರಕ್ಕಿಂತ ಹೆಚ್ಚು ಭಾಗ ಸಾರಜನಕವಿದೆ. ಭತ್ತದ ಗದ್ದೆಗೆ ನೀರು ಕಟ್ಟಿ, ಹೊಂಗೆಯ ಸೊಪ್ಪನ್ನು ಹರಡಿ, ಕೆಸರಿನಲ್ಲಿ ತುಳಿದು ಕೊಳೆಯಿಸುವ ಪದ್ಧತಿ ಮೈಸೂರು ಸೀಮೆಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇವುಗಳ ಮೇಲೆ ನೆರಳು, ಜೇನು, ಸೌದೆ. ಹಿಂದಿನ ಬೇಸಾಯಗಾರನು ಹೊಂಗೆಯನ್ನು ಬದುವಿನಲ್ಲಿ ಇಟ್ಟುಕೊಂಡುದು ಕೇವಲ ಎಣ್ಣೆಗಾಗಿ ಅಲ್ಲ. ಎಣ್ಣೆಯು ಅನೇಕ ಲಾಭಗಳಲ್ಲಿ ಒಂದಾಗಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ಅರ್ಥವಾಗುತ್ತದೆ.

೧೮೫೯ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನೆಲವನ್ನು ಕೊರೆದು ಕಲ್ಲೆಣ್ಣೆಯನ್ನು ತೆಗೆದರು. ರಷ್ಯದ ಬಾಕು ಪ್ರಾಂತದ ಎಣ್ಣೆಯೂ ಸ್ಪರ್ಧೆಗೆ ಇಳಿಯಿತು. ೧೮೯೨ರಲ್ಲಿ ಎಣ್ಣೆಯನ್ನು ತುಂಬಿದ ವಿಶೇಷ ಹಡಗು ಸೂಯೆಜ್ ಕಾಲುವೆಯ ಮೂಲಕ ಪೂರ್ವಕ್ಕೆ ಬಂದಿತು. ೧೮೮೬ರಲ್ಲಿ ಬರ್ಮಾ ಆಯಿಲ್ ಕಂಪೆನಿ ಸ್ಥಾಪಿತವಾಗಿ, ಬರ್ಮದ ಎಣ್ಣೆ ಇಂಡಿಯದ ಪೇಟೆಗಳನ್ನು ಹೊಕ್ಕಿತು. ಆಗ ಮದರಾಸು ಅಧಿಪತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿಯೂ ರೈಲುದಾರಿಗಳು ಬಂದುವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಹೊಸಪೇಟೆಯಿಂದ ಕೊಟ್ಟೂರಿನವರೆಗೆ ಕವಲು ದಾರಿ ಆದಮೇಲೆ, ತಗಡಿನ ಡಬ್ಬಗಳಲ್ಲಿ ತುಂಬಿದ ಸರಕು ಅಲ್ಲಿಂದ ಬಂಡಿಗಳಲ್ಲಿ ಸುತ್ತಣ ಹಳ್ಳಿಗಳನ್ನು ಸೇರುವುದು ಸುಲಭವಾಯಿತು. ಜನರು ಈ ಹೊಸ ಎಣ್ಣೆಯನ್ನು ಸೀಮೆಎಣ್ಣೆಯೆಂದು ಕರೆದರು. ಸೀಮೆಯೆಂದರೆ ಇಲ್ಲಿ ಪರದೇಶ. ಹೊರಗಿನಿಂದ ಬಂದುದೆಂಬ ಅರಿವು ಆ ಹೆಸರಿನಲ್ಲಿಯೇ ಉಳಿದುಕೊಂಡಿದೆ.

ಸೀಮೆಎಣ್ಣೆ ಗೆದ್ದುದು ಅನ್ಯಾಯದಿಂದಲ್ಲ. ಹೊಂಗೆಯ ಎಣ್ಣೆ ಮಂದವಾದುದು. ಬತ್ತಿಯಲ್ಲಿ ಮೇಲಕ್ಕೆ ಏರಲಾರದು. ಆದಕಾರಣ ಬತ್ತಿಯ ತುದಿಗೂ ಎಣ್ಣೆಗೂ ಅಂತರ ಕಡಮೆಯಿರುವ ಆಳವಿಲ್ಲದ ಹಣತೆಯೇ ಅದಕ್ಕೆ ಬೇಕು. ಬೆಳಕು ಮಂಕು, ಹೊಗೆ ಹೆಚ್ಚು. ಸೀಮೆಎಣ್ಣೆಯಾದರೋ ತೆಳ್ಳಗಿದ್ದು ಉದ್ದವಾದ ಬತ್ತಿಯಲ್ಲಿ ಸಲೀಸಾಗಿ ಏರುತ್ತದೆ. ಗಾಜಿನ ಚಿಮಣಿಯೊಳಗೆ ನಿಶ್ಚಲವಾಗಿ ಉರಿಯುತ್ತದೆ. ಓದುವ ಹುಡುಗನಿಗೂ ಲೆಕ್ಕ ಬರೆಯುವ ಶ್ಯಾನುಭೋಗನಿಗೂ ಅದು ವರವಾಯಿತು. ಆದರೆ ಅದಕ್ಕೆ ರೊಕ್ಕ ಕೊಡಬೇಕು. ಮನೆಯ ಹೆಂಗಸರು ಬಿಡುವಿನಲ್ಲಿ ಆಯ್ದು ಗಾಣಕ್ಕೆ ಕೊಟ್ಟು ಪಡೆಯುತ್ತಿದ್ದ ಬೆಳಕು ಅಂಗಡಿಯಿಂದ ಕೊಳ್ಳುವ ಬೆಳಕಾಯಿತು. ಕಾಯಿಯನ್ನು ಕೇಳುವವರು ಕಡಮೆಯಾದರು. ಊರ ಗಾಣಗಳು ಒಂದೊಂದಾಗಿ ನಿಂತುವು.

ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ, ಬರ್ಮವು ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಎಣ್ಣೆ ನಿಂತುದರಿಂದ ಸೀಮೆಎಣ್ಣೆ ದುರ್ಲಭವಾಗಿ, ಅಳತೆಯ ಮೇಲೆ ಹಂಚುವ ಏರ್ಪಾಡಾಯಿತು. ಮೂಲೆಗೆ ಸೇರಿದ್ದ ಹಣತೆಗಳು ಮತ್ತೆ ಹೊರಗೆ ಬಂದುವು. ಸಸ್ಯದ ಎಣ್ಣೆಗಳಿಂದ ಯಂತ್ರಗಳನ್ನು ನಡೆಯಿಸುವ ಪ್ರಯೋಗಗಳೂ ದೇಶದಲ್ಲಿ ನಡೆದುವು. ಇದೇನೂ ಹೊಸ ಆಲೋಚನೆಯಾಗಿರಲಿಲ್ಲ. ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿಯೇ ಡೀಸೆಲ್ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಯಿಸಿ ತೋರಿಸಿದ್ದರು. ಯುದ್ಧ ಮುಗಿಯಿತು, ಹಡಗುಗಳು ಬಂದುವು, ಹೊಂಗೆ ಮತ್ತೆ ಮರೆತುಹೋಯಿತು.

ಮೂರನೆಯ ನೆನಪು ಇಪ್ಪತ್ತನೆಯ ಶತಮಾನದ ಕೊನೆಯದು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನ ಉಡುಪಿ ಶ್ರೀನಿವಾಸ ಅವರು ಹೊಂಗೆಯ ಎಣ್ಣೆಯನ್ನೇ ಡೀಸೆಲ್ ಯಂತ್ರಕ್ಕೆ ಹಾಕಿ ವಿದ್ಯುತ್ತನ್ನು ಉತ್ಪಾದಿಸುವ ಕೆಲಸವನ್ನು ಕೈಗೊಂಡರು. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಕಗ್ಗನಹಳ್ಳಿಯಲ್ಲಿ ಆ ವಿದ್ಯುತ್ತಿನಿಂದ ಕೊಳವೆಬಾವಿಗಳ ನೀರನ್ನೆತ್ತಿ ಹೊಲಗಳಿಗೆ ಹಾಯಿಸಿದರು. ಇದು ದೇಶದ ಗಮನವನ್ನು ಸೆಳೆಯಿತು. ೨೦೦೯ರಲ್ಲಿ ಕೇಂದ್ರ ಸರ್ಕಾರವು ಜೈವಿಕ ಇಂಧನದ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿ, ೨೦೧೭ರೊಳಗಾಗಿ ನೂರಕ್ಕೆ ೨೦ ಭಾಗ ಜೈವಿಕ ಇಂಧನವನ್ನು ಬೆರೆಸಬೇಕೆಂಬ ಗುರಿಯನ್ನಿಟ್ಟಿತು. ಅದೇ ವರ್ಷ ಕರ್ನಾಟಕವೂ ತನ್ನದೇ ಆದ ನೀತಿಯನ್ನು ರಚಿಸಿತು. ‘ಹಸಿರು ಹೊನ್ನು’, ‘ಬರಡು ಬಂಗಾರ’ ಎಂಬ ಹೆಸರುಗಳಿಂದ ಹೊಂಗೆ, ಬೇವು, ಹಿಪ್ಪೆ ಮುಂತಾದ ಸಸಿಗಳನ್ನು ನೆಡಿಸುವ ಯೋಜನೆಗಳು ನಡೆದುವು. ಹಾಸನದ ಬಳಿಯ ಮಡೆನೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವು ತಲೆಯೆತ್ತಿತು. ಆದರೆ ೨೦೧೭ನೆಯ ವರ್ಷ ಬಂದಾಗ ದೇಶದ ಡೀಸೆಲಿನಲ್ಲಿ ಬೆರೆತ ಜೈವಿಕ ಡೀಸೆಲು ನೂರಕ್ಕೆ ಒಂದು ಭಾಗವನ್ನೂ ಮುಟ್ಟಿರಲಿಲ್ಲ. ೨೦೧೮ರ ಹೊಸ ನೀತಿಯಲ್ಲಿ ಡೀಸೆಲಿನ ಗುರಿಯನ್ನು ನೂರಕ್ಕೆ ೫ಕ್ಕೆ ಇಳಿಸಿ, ಅವಧಿಯನ್ನು ೨೦೩೦ಕ್ಕೆ ಮುಂದೂಡಲಾಯಿತು.

ಸೋಲಿಗೆ ಕಾರಣಗಳನ್ನು ಹುಡುಕುವವರು ಅನೇಕವನ್ನು ಹೇಳುವರು. ಮಂದವಾದ ಎಣ್ಣೆ ದೀಪದ ಬತ್ತಿಗೆ ಒಡ್ಡಿದ ತೊಡಕನ್ನೇ ಯಂತ್ರದ ಸೂಕ್ಷ್ಮವಾದ ರಂಧ್ರಗಳಿಗೂ ಒಡ್ಡಿತು. ಡೀಸೆಲಿಗಿಂತ ಹತ್ತು ಪಟ್ಟಿಗೂ ಮೀರಿ ಮಂದವಾದ ಈ ದ್ರವವನ್ನು ಮದ್ಯಸಾರದ ಜಾತಿಯ ಮೆಥನಾಲು ಮತ್ತು ಕ್ಷಾರಗಳೊಡನೆ ಬೆರೆಸಿ, ಗ್ಲಿಸರಿನನ್ನು ಬೇರ್ಪಡಿಸಿ ತೆಳ್ಳಗೆ ಮಾಡಬೇಕಾಯಿತು. ಬೀಜದಿಂದ ಹುಟ್ಟಿದ ಮರಗಳ ಫಸಲು ಒಂದೇ ಸಮನಾಗಿರದು. ವರ್ಷಕ್ಕೆ ೯ ಕಿಲೋಗ್ರಾಮು ಕೊಡುವ ಮರವೂ ಉಂಟು, ೯೦ ಕೊಡುವುದೂ ಉಂಟು. ಸಸಿಯನ್ನು ನೋಡಿ ಅದು ಯಾವ ಬಗೆಯದೆಂದು ಹೇಳುವಂತಿಲ್ಲ. ಕಾಯಿ ಆಯುವವರ ಕೂಲಿಗೆ ತಕ್ಕ ಬೆಲೆ ಬೀಜಕ್ಕೆ ಸಿಕ್ಕಲಿಲ್ಲ. ಇವೆಲ್ಲವೂ ನಿಜವೇ. ಆದರೆ ಇವುಗಳ ಕೆಳಗೆ ಸರಳವಾದ ಒಂದು ಲೆಕ್ಕವಿದೆ.

ಒಂದು ಮರದಿಂದ ವರ್ಷಕ್ಕೆ ೨೦ ಕಿಲೋಗ್ರಾಮು ಬೀಜ ಬಂದಿತೆಂದು ಇಟ್ಟುಕೊಳ್ಳೋಣ. ಊರ ಗಾಣದಲ್ಲಿ ಅದರಿಂದ ೪ ಕಿಲೋಗ್ರಾಮು ಎಣ್ಣೆ ಇಳಿಯುತ್ತದೆ. ಒಂದು ಬತ್ತಿಯ ಹಣತೆ ಗಂಟೆಗೆ ಐದಾರು ಗ್ರಾಮು ಎಣ್ಣೆಯನ್ನು ಕುಡಿಯುವುದೆಂದು ಹಿಡಿದರೆ, ರಾತ್ರಿಗೆ ಮೂರು ಗಂಟೆಯಂತೆ ಈ ಎಣ್ಣೆ ಇನ್ನೂರು ರಾತ್ರಿಗಳನ್ನು ಮೀರಿ ಉರಿಯುತ್ತದೆ. ಎರಡು ಮರಗಳಿದ್ದ ಬಡವನಿಗೆ ವರ್ಷಪೂರ್ತಿ ಒಂದು ದೀಪಕ್ಕೆ ಕೊರತೆಯಿಲ್ಲ. ಅದೇ ೪ ಕಿಲೋಗ್ರಾಮು ಎಣ್ಣೆಯನ್ನು ಐದು ಕುದುರೆಶಕ್ತಿಯ ನೀರೆತ್ತುವ ಯಂತ್ರಕ್ಕೆ ಹೊಯ್ದರೆ ಸುಮಾರು ನಾಲ್ಕು ಗಂಟೆಗಳಲ್ಲಿ ಅದು ಮುಗಿದುಹೋಗುತ್ತದೆ. ಮರ ಅದೇ, ಎಣ್ಣೆ ಅದೇ. ಬದಲಾದುದು ನಮ್ಮ ಹಸಿವು. ಹಣತೆಯ ಯುಗದಲ್ಲಿ ಧಾರಾಳಿಯೆನಿಸಿದ ಹೊಂಗೆ ಯಂತ್ರದ ಯುಗದಲ್ಲಿ ಜಿಪುಣನಂತೆ ಕಂಡಿತು. ದೇಶದ ಲಾರಿಗಳನ್ನೆಲ್ಲ ಓಡಿಸಲೆಂದು ಅದನ್ನು ಕರೆದವರಿಗೆ ನಿರಾಶೆಯಾದುದು ಸಹಜವೇ ಆಗಿದೆ.

ಹಾಗಾದರೆ ಈ ಮರದ ಕಾಲ ಮುಗಿಯಿತೇ? ಅದೇ ಲೆಕ್ಕವನ್ನು ಬೇಸಾಯಗಾರನ ಕಡೆಯಿಂದ ಮಾಡಿ ನೋಡೋಣ. ಬದುವಿನಲ್ಲಿ ಹತ್ತು ಮರಗಳಿರಲಿ. ಸೊಪ್ಪಿಗೆ ಸವರಿದ ಮರ ಕಾಯಿಯನ್ನು ಕಡಮೆ ಬಿಡುವುದರಿಂದ, ಐದನ್ನು ಸೊಪ್ಪಿಗೂ ಐದನ್ನು ಕಾಯಿಗೂ ಮೀಸಲಿಡೋಣ. ಕಾಯಿಯ ಮರಗಳಿಂದ ೨೦ ಕಿಲೋಗ್ರಾಮು ಎಣ್ಣೆಯೂ, ೭೫ ಕಿಲೋಗ್ರಾಮಿನಷ್ಟು ಹಿಂಡಿಯೂ ಬರುವುವು. ಹಿಂಡಿಯಲ್ಲಿ ೩ ಕಿಲೋಗ್ರಾಮು ಸಾರಜನಕವಿದೆ. ಸೊಪ್ಪಿನ ಮರ ಒಂದೊಂದರಿಂದ ೫೦ ಕಿಲೋಗ್ರಾಮು ಹಸಿ ಸೊಪ್ಪು ದೊರೆತರೆ ಐದರಿಂದ ಎರಡೂವರೆ ಕಿಲೋಗ್ರಾಮು ಸಾರಜನಕ ಸಿಕ್ಕುತ್ತದೆ. ಎರಡೂ ಸೇರಿ ಯೂರಿಯದ ೪೫ ಕಿಲೋಗ್ರಾಮಿನ ಮೂಟೆಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಇದು ದೊಡ್ಡ ಸಂಪತ್ತಲ್ಲ. ಮರದ ನೆರಳಿನಲ್ಲಿ ಒಂದೆರಡು ಸಾಲು ಪೈರು ಸೊರಗುವುದೆಂಬ ರೈತನ ಆಕ್ಷೇಪಣೆಯೂ ಸುಳ್ಳಲ್ಲ. ಆದರೆ ಯೂರಿಯ ಕೊಡದ ಸಾವಯವ ಪದಾರ್ಥವನ್ನು ಸೊಪ್ಪು ನೆಲಕ್ಕೆ ಕೊಡುತ್ತದೆ, ಬೇಸಗೆಯಲ್ಲಿ ದನಕ್ಕೂ ಆಳಿಗೂ ನೆರಳಿದೆ, ಜೇನಿಗೆ ಹೂವಿದೆ, ಕೆಲಸವಿಲ್ಲದ ತಿಂಗಳುಗಳಲ್ಲಿ ಕಾಯಿ ಆಯುವವರಿಗೆ ನಾಲ್ಕು ಕಾಸಿನ ದಾರಿಯಿದೆ. ಇವೆಲ್ಲಕ್ಕೂ ಬಿತ್ತನೆಯ ಖರ್ಚಿಲ್ಲ, ನೀರಿನ ಖರ್ಚಿಲ್ಲ, ಕಾವಲಿನ ಖರ್ಚಿಲ್ಲ.

ಹೊರದೇಶದವರು ಈಗ ಈ ಮರದ ಕಡೆಗೆ ಕಣ್ಣು ಹಾಯಿಸಿದ್ದಾರೆ. ಅಮೆರಿಕದ ಫ್ಲಾರಿಡದಲ್ಲಿ ರೋಗದಿಂದ ಹಾಳಾದ ಕಿತ್ತಳೆಯ ತೋಟಗಳ ನೆಲದಲ್ಲಿ ಆರಿಸಿದ ತಳಿಗಳ ಹೊಂಗೆಯನ್ನು ಕಸಿಮಾಡಿ ನೆಡುತ್ತಿದ್ದಾರೆ. ಬೀಜದ ಕಹಿಯನ್ನು ತೆಗೆದು ಆಹಾರವನ್ನಾಗಿಸುವ ಪ್ರಯತ್ನವೂ ಅಲ್ಲಿ ನಡೆದಿದೆ. ಅವರು ಎಣ್ಣೆಯೊಂದನ್ನೇ ನೆಚ್ಚಿಕೊಂಡಿಲ್ಲವೆಂಬುದನ್ನು ನಾವು ಗಮನಿಸತಕ್ಕದ್ದು. ನಮ್ಮಲ್ಲಿಯಾದರೋ ರಸ್ತೆಯ ಅಗಲೀಕರಣಕ್ಕೆ ಸಾಲುಮರಗಳು ಉರುಳುತ್ತಿವೆ. ಟ್ರ್ಯಾಕ್ಟರು ತಿರುಗಲು ಅಡ್ಡಿಯೆಂದು ಬದುವಿನ ಮರಗಳು ಹೋಗುತ್ತಿವೆ. ಕಾಯಿ ಬಲಿತ ಕಾಲವನ್ನು ಬಲ್ಲವರೂ, ಯಾವ ಮರ ಹೆಚ್ಚು ಬಿಡುವುದೆಂದು ಗುರುತಿಟ್ಟವರೂ ವಿರಳವಾಗುತ್ತಿದ್ದಾರೆ. ಕಸಿಗೆ ಬೇಕಾದ ಕಡ್ಡಿ ಆ ಹೆಚ್ಚು ಬಿಡುವ ಮರದಿಂದಲೇ ಬರಬೇಕು. ಮರವನ್ನು ಕಡಿದಮೇಲೆ ಅದರ ಗುಣವನ್ನು ಯಾವ ಪ್ರಯೋಗಶಾಲೆಯೂ ಹಿಂದಕ್ಕೆ ತರಲಾರದು.

ಆದುದರಿಂದ ಮಾಗಳದಂಥ ಊರುಗಳಲ್ಲಿ ಮಾಡಬಹುದಾದ ಕಾರ್ಯ ದೊಡ್ಡದೇನೂ ಅಲ್ಲ. ಹಳ್ಳದ ದಡದಲ್ಲಿಯೂ, ಚೌಳು ಹಿಡಿದ ನೆಲದಲ್ಲಿಯೂ, ಬದುವಿನ ಉತ್ತರದ ಅಂಚಿನಲ್ಲಿಯೂ, ಎಂದರೆ ನೆರಳು ಪೈರಿನ ಮೇಲೆ ಹೆಚ್ಚು ಬೀಳದ ಕಡೆ, ಇರುವ ಮರಗಳನ್ನು ಉಳಿಸಿಕೊಳ್ಳುವುದು. ಹೆಚ್ಚು ಕಾಯಿ ಬಿಡುವ ಮರಗಳನ್ನು ಊರಿನ ಹಿರಿಯರಿ೦ದ ಕೇಳಿ ಗುರುತುಮಾಡಿಡುವುದು. ಬೀಜವನ್ನು ಮಾರಿದವರು ಹಿಂಡಿಯನ್ನಾದರೂ ತಮ್ಮ ಹೊಲಕ್ಕೆ ಹಿಂದಕ್ಕೆ ತರುವಂತೆ ನೋಡಿಕೊಳ್ಳುವುದು. ಎಣ್ಣೆಯ ಬೆಲೆ ಇನ್ನೊಮ್ಮೆ ಏರುವ ಕಾಲ ಬಂದೇ ಬರುತ್ತದೆ, ಆಗ ಹೊಂಗೆಯ ಹೆಸರು ಪುನಃ ಕೇಳಿಬರುತ್ತದೆ. ಆ ದಿನ ಸಸಿಗಳನ್ನು ಹುಡುಕಿಕೊಂಡು ಹೋಗುವ ಬದಲು, ಐವತ್ತು ವರ್ಷಗಳಿಂದ ನೆರಳನ್ನೂ ಸೊಪ್ಪನ್ನೂ ಕೊಡುತ್ತ ನಿಂತ ಮರಗಳೇ ನಮ್ಮ ಬದುವಿನಲ್ಲಿದ್ದರೆ, ಅವು ಎಣ್ಣೆಯನ್ನೂ ಒಂದಿಷ್ಟು ಕೊಟ್ಟಾವು.